ರೈಡರ್ ಗೆದ್ದನಂತೆ, ತಂಡ ಸೋತಿತಂತೆ!

"ಹುಡುಗ ಹದಿನೆಂಟು ಪಾಯಿಂಟ್ ತಂದಾನ್ರಿ, ಇನ್ನೇನ್ ಮಾಡಬೇಕಿತ್ತು ಅವ? ಹಿಡಿಯೋರು ಕೈ ಬಿಟ್ರು, ಮ್ಯಾಚ್ ಹೋತು."

ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯಿಂದ ಹಿಡಿದು ಬ್ಯಾಡಗಿ, ಹಾವೇರಿಯವರೆಗೆ ಎಲ್ಲಿಯಾದರೂ ಕಬಡ್ಡಿ ತಂಡವೊಂದು ಸೋಲಲಿ, ಅಂಕಣದ ಸುಣ್ಣದ ಗೆರೆ ಅಳಿಯುವ ಮೊದಲೇ ಈ ತೀರ್ಪು ಹೊರಬಿದ್ದಿರುತ್ತದೆ. ಸಾಕ್ಷಿ ಬೇಡ, ವಿಚಾರಣೆ ಬೇಡ, ಸ್ಕೋರ್ ಶೀಟು ತಿರುವಿ ನೋಡುವ ಗೋಜೂ ಬೇಡ. ಜಾತ್ರೆಯ ಹೊನಲು ಬೆಳಕಿನ ಟೂರ್ನಿಯಾದರೂ ಅಷ್ಟೆ, ಅಂತರ ಕಾಲೇಜು ಪಂದ್ಯವಾದರೂ ಅಷ್ಟೆ. ಊರ ಹಿರಿಯರು ಹೇಳುತ್ತಾರೆ, ತಂಡದ ಮ್ಯಾನೇಜರ್ ತಲೆಯಾಡಿಸುತ್ತಾನೆ, ಮೈಕ್ ಹಿಡಿದವನು ಮುಂದಿನ ಪಂದ್ಯ ಶುರುವಾಗುವವರೆಗೆ ಅದನ್ನೇ ಹತ್ತು ಸಲ ಕೂಗುತ್ತಾನೆ. ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಗೊತ್ತೆ? ಮೊಣಕಾಲು ಕಿತ್ತು ರಕ್ತ ಸೋರುತ್ತಿರುವ ಕಾರ್ನರ್‌ನ ಹುಡುಗ ತಾನೂ ಅದನ್ನು ನಂಬಿ ತಲೆ ತಗ್ಗಿಸಿ ಕೂತಿರುತ್ತಾನೆ.

ಈ ತೀರ್ಪು ಸುಳ್ಳು. ಅರ್ಧ ಸುಳ್ಳೂ ಅಲ್ಲ, ಪೂರಾ ಸುಳ್ಳು. ಇದನ್ನು ಹೇಳುವವರಲ್ಲಿ ಬಹುಪಾಲು ಜನಕ್ಕೆ ಕಬಡ್ಡಿ ಗೊತ್ತಿಲ್ಲ, ಗೊತ್ತಿದ್ದವರಿಗೆ ಸುಳ್ಳು ಹೇಳುವುದರಲ್ಲಿ ಲಾಭವಿದೆ.

ಮೊದಲು ಆಟದ ಮಾತನ್ನೇ ಆಡೋಣ. ಅಮೆರಿಕದ ಕಾಲೇಜುಗಳಲ್ಲಿ ಆಡುವ ಫುಟ್‌ಬಾಲ್‌ನಲ್ಲಿ ದಾಳಿಗೆಂದೇ ಹನ್ನೊಂದು ಜನ, ತಡೆಯಲೆಂದೇ ಬೇರೆ ಹನ್ನೊಂದು ಜನ. ಚೆಂಡು ಕೈ ಬದಲಾದರೆ ಒಂದು ಪಡೆ ಹೊರಗೆ ನಡೆಯುತ್ತದೆ, ಇನ್ನೊಂದು ಒಳಗೆ ಬರುತ್ತದೆ. ಅಲ್ಲಿನವರು ಸೋತ ಮೇಲೆ ಇವರದೆಷ್ಟು ತಪ್ಪು, ಅವರದೆಷ್ಟು ತಪ್ಪು ಎಂದು ಜಗಳವಾಡಿದರೆ ಅದಕ್ಕೊಂದು ಆಧಾರವಾದರೂ ಇದೆ. ನಮ್ಮ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣದಲ್ಲಿ ಒಂದು ತಂಡಕ್ಕೆ ಇರುವವರು ಏಳೇ ಜನ. ದಾಳಿಗೆ ಹೋಗುವವನೂ ಅವರಲ್ಲೊಬ್ಬ, ಎದುರಾಳಿ ಒಳಗೆ ಬಂದಾಗ ಸರಪಳಿ ಕಟ್ಟಿ ನಿಲ್ಲುವವರೂ ಅವರೇ. ನಿಮ್ಮ ಹದಿನೆಂಟು ಪಾಯಿಂಟಿನ ಶೂರ ಎದುರಾಳಿಯ ಪ್ರತಿ ದಾಳಿಯ ಹೊತ್ತಿನಲ್ಲೂ, ಔಟಾಗಿ ಹೊರಗೆ ಕೂತಿರದಿದ್ದರೆ, ಏಳರಲ್ಲೊಬ್ಬ ಹಿಡಿಯುವವನೇ. ಆಗ ಆತ ಎಲ್ಲಿ ನಿಂತಿದ್ದ? ಏನು ಮಾಡುತ್ತಿದ್ದ? ಕೇಳಿದವರುಂಟೆ? "ನೀ ಹಿಡಿಯಾಕ ಹೋಗಬ್ಯಾಡೋ, ರೈಡಿಗೆ ಬೇಕು ನೀ" ಎಂದು ಹೊರಗಿನಿಂದ ಕೂಗುವವರು ನಾವೇ. ಹಾಗೆ ಕೂಗಿ ಏಳು ಜನರ ಸರಪಳಿಯನ್ನು ಆರಕ್ಕಿಳಿಸಿ, ಆಮೇಲೆ ಆ ಆರು ಜನರಿಗೆ ಹಿಡಿಯಲು ಬಾರದು ಎನ್ನುವವರೂ ನಾವೇ.

ಇನ್ನು ಕಬಡ್ಡಿಯ ಜೀವಾಳಕ್ಕೆ ಬನ್ನಿ. ಔಟಾದವನು ಮತ್ತೆ ಒಳಗೆ ಬರುವ ನಿಯಮ. ನಮ್ಮ ರೈಡರ್ ಎದುರಾಳಿ ಇಬ್ಬರನ್ನು ಮುಟ್ಟಿ ಮಧ್ಯರೇಖೆಗೆ ಮರಳಿದರೆ ಹೊರಗೆ ಕೂತ ನಮ್ಮ ಇಬ್ಬರು ಒಳಗೆ ಬರುತ್ತಾರೆ. ನಮ್ಮವರು ಎದುರಾಳಿ ರೈಡರ್‌ನನ್ನು ಹಿಡಿದರೆ ನಮ್ಮವನೊಬ್ಬ ಒಳಗೆ ಬರುತ್ತಾನೆ. ಬರುವುದೂ ಮನಸ್ಸಿಗೆ ಬಂದಂತಲ್ಲ, ಔಟಾದ ಸರದಿಯಲ್ಲೇ ಬರಬೇಕು. ಅಂದರೆ ಹಿಡಿತ ನಿಂತಿರುವುದು ದಾಳಿಯ ಮೇಲೆ, ದಾಳಿ ನಿಂತಿರುವುದು ಹಿಡಿತದ ಮೇಲೆ. ನಮ್ಮ ಮುಖ್ಯ ರೈಡರ್ ಔಟಾಗಿ ಸರದಿಯಲ್ಲಿ ನಾಲ್ಕನೆಯವನಾಗಿ ಕೂತಿದ್ದರೆ ಅವನನ್ನು ಒಳಗೆ ತರಲು ನಾಲ್ಕು ಪಾಯಿಂಟು ದುಡಿಯಬೇಕಾದವರು ಯಾರು? ಅಂಕಣದಲ್ಲಿ ಉಳಿದ ಮೂರು ಜನ. ಅವರಲ್ಲಿ ಹೆಚ್ಚಿನವರು ನೀವು ಬೈಯುವ ಕ್ಯಾಚರ್‌ಗಳೇ. ಅವರು ಮೈಮುರಿದು ಹಿಡಿದು ತಂದ ಜೀವದಾನದಿಂದ ಒಳಗೆ ಬಂದು ಈತ ಮಾಡಿದ ಹದಿನೆಂಟರಲ್ಲಿ ಅವರ ಪಾಲೆಷ್ಟು ಎಂದು ಯಾವ ಸ್ಕೋರ್ ಶೀಟಿನಲ್ಲಿ ಬರೆದಿದೆ?

ಬೋನಸ್ಸಿನ ಸಂಗತಿಯಂತೂ ಯಾರೂ ಬಾಯಿ ಬಿಡದ ಗುಟ್ಟು. ಎದುರಾಳಿ ಅಂಕಣದಲ್ಲಿ ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್ ಗೆರೆ ಜೀವಂತ. ಗೆರೆಯಾಚೆ ಕಾಲಿಟ್ಟು ಓಡಿಬಂದರೆ ಒಂದು ಪಾಯಿಂಟು. ಚಪ್ಪಾಳೆಯೂ ಉಂಟು. ಆದರೆ ಬೋನಸ್ ಪಾಯಿಂಟು ಹೊರಗೆ ಕೂತ ಒಬ್ಬನನ್ನೂ ಒಳಗೆ ಕರೆತರುವುದಿಲ್ಲ. ಎದುರಾಳಿಯಲ್ಲೂ ಯಾರೂ ಕಡಿಮೆಯಾಗುವುದಿಲ್ಲ. ಒಂದು ಲೆಕ್ಕ ಇಟ್ಟುಕೊಳ್ಳಿ: ಆ ಹದಿನೆಂಟರಲ್ಲಿ ಎಂಟು ಬೋನಸ್. ಅವನು ಏಳು ಸಲ ಸಿಕ್ಕಿಬಿದ್ದಿದ್ದಾನೆ. ಹಾಗಾದರೆ ಅವನ ಆಟದಿಂದ ತನ್ನ ತಂಡದವರು ಒಳಗೆ ಬಂದದ್ದು ಹೆಚ್ಚೆಂದರೆ ಹತ್ತು ಸಲ, ಎದುರಾಳಿಗೆ ಬಿಟ್ಟುಕೊಟ್ಟದ್ದು ಏಳು ಪಾಯಿಂಟು, ಜೊತೆಗೆ ಅವರಲ್ಲಿ ಏಳು ಜನದವರೆಗೆ ಮರುಜೀವ. ಪ್ರತಿ ಸಲ ಅವನು ಹೊರಗೆ ಕೂತಾಗ ಇಲ್ಲಿ ಹಿಡಿಯಲು ಒಬ್ಬ ಕಡಿಮೆ. ಮೂರೇ ಜನ ಉಳಿದ ಅಂಕಣಕ್ಕೆ ಎದುರಾಳಿಯ ಎತ್ತರದ ರೈಡರ್ ಬಂದು ಇಬ್ಬರನ್ನು ಮುಟ್ಟಿ ಹೋದರೆ, ಹಿಂದೆಯೇ ಆಲೌಟಾಗಿ ಎರಡು ಪಾಯಿಂಟು ಹೆಚ್ಚಿಗೆ ಬಿದ್ದರೆ, ಜನ ಬೈಯುವುದು ಯಾರನ್ನು? ಆ ಮೂವರನ್ನು. ಏಳು ಸಲ ಸಿಕ್ಕಿಬಿದ್ದವನು ಹೊರಗೆ ಟವೆಲ್ ಹೊದ್ದು ಕೂತು ಅವರನ್ನು ನೋಡಿ ತಲೆ ಕೊಡವುತ್ತಿರುತ್ತಾನೆ.

ಖಾಲಿ ದಾಳಿಗಳದ್ದು ಇನ್ನೊಂದು ಕಥೆ. ಎರಡು ದಾಳಿ ಬರಿಗೈಯಲ್ಲಿ ಮುಗಿದರೆ ಮೂರನೆಯದು 'ಡು ಆರ್ ಡೈ': ಪಾಯಿಂಟು ತರಬೇಕು, ಇಲ್ಲವೇ ಔಟ್. ನಮ್ಮ ಶೂರರಲ್ಲಿ ಹಲವರು ಮೂವತ್ತು ಸೆಕೆಂಡು ಗೆರೆಯ ಹತ್ತಿರ ಕುಣಿದು, ತೊಡೆ ತಟ್ಟಿ, ಮರಳಿ ಬಂದು ಆ ಮೂರನೆಯ ದಾಳಿಯನ್ನು ಎರಡನೇ ದರ್ಜೆಯ ಹುಡುಗನ ಹೆಗಲಿಗೆ ಹಾಕುತ್ತಾರೆ. ಅವನು ಸಿಕ್ಕಿಬಿದ್ದರೆ ತಪ್ಪು ಅವನದು. ಶೂರನ ಲೆಕ್ಕದಲ್ಲಿ ಒಂದು ಮಚ್ಚೆಯೂ ಬೀಳುವುದಿಲ್ಲ.

"ಅದೆಲ್ಲಾ ಸರಿ, ಆದ್ರ ಬುಲ್ಸ್‌ಗೆ ಕಪ್ ತಂದವ ಯಾರು, ರೈಡರ್ ಅಲ್ಲೇನು?" ಎಂದು ಕೇಳುವವರಿದ್ದಾರೆ. ಕೇಳಲಿ. ಈ ಮೂಢನಂಬಿಕೆಯ ಬೀಜ ಬಿದ್ದದ್ದೇ ಅಲ್ಲಿ. 2019ರ ಜನವರಿ 5ರಂದು ಮುಂಬೈಯಲ್ಲಿ ಪ್ರೊ ಕಬಡ್ಡಿಯ ಆರನೇ ಆವೃತ್ತಿಯ ಫೈನಲ್ ನಡೆಯಿತು. ಬೆಂಗಳೂರು ಬುಲ್ಸ್ 38–33ರಿಂದ ಗುಜರಾತನ್ನು ಸೋಲಿಸಿತು, ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟು ತಂದ. ಆ ರಾತ್ರಿಯಿಂದ ನಮ್ಮ ಊರುಗಳಲ್ಲಿ ಹುಟ್ಟಿದ ಪ್ರತಿ ಹುಡುಗನೂ ಪವನ್ ಆಗಲು ಹೊರಟ. ತಪ್ಪೇನಿಲ್ಲ. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲವಲ್ಲ! ಏಳನೇ ಆವೃತ್ತಿಯಲ್ಲಿ ಅದೇ ಪವನ್ 346 ರೈಡ್ ಪಾಯಿಂಟು ಗಳಿಸಿ ಇಡೀ ಲೀಗಿನಲ್ಲೇ ಮೊದಲಿಗನಾದ. ಬುಲ್ಸ್ ಸೆಮಿಫೈನಲ್‌ನಲ್ಲಿ ದಬಂಗ್ ಡೆಲ್ಲಿ ಎದುರು 44–38ರಿಂದ ಸೋತು ಮನೆಗೆ ಬಂತು. ಎಂಟನೇ ಆವೃತ್ತಿಯಲ್ಲಿ ಮತ್ತೆ ಪವನ್‌ನೇ ಮೊದಲಿಗ, 304 ಪಾಯಿಂಟು. ಮತ್ತೆ ಸೆಮಿಫೈನಲ್, ಮತ್ತೆ ಡೆಲ್ಲಿ, 40–35ರ ಸೋಲು. ಮುಂದೆ 2023ರ ಹರಾಜಿನಲ್ಲಿ ತೆಲುಗು ಟೈಟನ್ಸ್ ಆತನಿಗೆ 2 ಕೋಟಿ 60 ಲಕ್ಷ ರೂಪಾಯಿಗೂ ಹೆಚ್ಚು ಸುರಿಯಿತು. ಲೀಗಿನಲ್ಲಿ ಅಲ್ಲಿಯವರೆಗೆ ಯಾರಿಗೂ ಸಿಗದ ಬೆಲೆ. ಆ ವರ್ಷ ಟೈಟನ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ ಎರಡು, ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ಮರುವರ್ಷ ನಮ್ಮ ಬುಲ್ಸ್ ಪ್ರೊ ಕಬಡ್ಡಿಯ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಪಾಯಿಂಟು ಗಳಿಸಿದ ಪ್ರದೀಪ್ ನರ್ವಾಲ್‌ನನ್ನು ನಾಯಕನನ್ನಾಗಿ ಮಾಡಿಕೊಂಡು ಹೊರಟಿತು. ಫಲ? 22ರಲ್ಲಿ ಎರಡು ಗೆಲುವು, ಕಟ್ಟಕಡೆಯ ಸ್ಥಾನ.

ಇದು ಪವನ್‌ನ ತಪ್ಪೂ ಅಲ್ಲ, ಪ್ರದೀಪ್‌ನ ತಪ್ಪೂ ಅಲ್ಲ. ಅವರು ಅಪ್ರತಿಮ ಆಟಗಾರರು. ತಪ್ಪು, ಒಬ್ಬ ರೈಡರ್ ಸಿಕ್ಕರೆ ತಂಡ ಆಯಿತು ಎಂದುಕೊಂಡವರದು. ಇನ್ನೊಂದು ದಿಕ್ಕಿನಿಂದ ನೋಡಿ. ಹತ್ತನೇ ಆವೃತ್ತಿಯ ಕಪ್ ಪುಣೇರಿ ಪಲ್ಟನ್‌ಗೆ ಹೋಯಿತು, 2024ರ ಮಾರ್ಚ್ 1ರಂದು ಹರಿಯಾಣ ಸ್ಟೀಲರ್ಸ್ ಎದುರು 28–25ರಿಂದ. ಪುಣೇರಿಯಲ್ಲಿ ಇದ್ದವನು ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ, ಆ ಆವೃತ್ತಿಯಲ್ಲಿ 99 ಟ್ಯಾಕಲ್ ಪಾಯಿಂಟು ತಂದ ಹಿಡಿತಗಾರ. ತರಬೇತುದಾರ ನಮ್ಮವರೇ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್. ಮರು ಆವೃತ್ತಿಗೆ ಶಾದ್ಲೂಯಿ ಹರಿಯಾಣಕ್ಕೆ ಹೋದ. ಕಪ್ಪೂ ಅವನ ಹಿಂದೆ ಹರಿಯಾಣಕ್ಕೇ ಹೋಯಿತು. 2024ರ ಡಿಸೆಂಬರ್ 29ರ ಆ ಫೈನಲ್‌ನಲ್ಲಿ ಎದುರು ನಿಂತ ಪಟ್ನಾ ತಂಡದಲ್ಲಿ ಇದ್ದವನು ದೇವಾಂಕ್ ದಲಾಲ್, ಆ ವರ್ಷ 301 ರೈಡ್ ಪಾಯಿಂಟು ಗಳಿಸಿದ ಮೊದಲಿಗ. ಪಟ್ನಾ ಇಡೀ ಪಂದ್ಯದಲ್ಲಿ ತಂದದ್ದು 23. ಹರಿಯಾಣ 32. ಒಂಬತ್ತನೇ ಆವೃತ್ತಿಯಲ್ಲಿ ಅರ್ಜುನ್ ದೇಶ್ವಾಲ್ ಮೊದಲಿಗನಾಗಿ ಜೈಪುರ ಕಪ್ ಗೆದ್ದಿತಲ್ಲ ಎನ್ನುವಿರಾ? ಹೌದು, ಗೆದ್ದಿತು. ಆ ಆವೃತ್ತಿಯ ಶ್ರೇಷ್ಠ ಹಿಡಿತಗಾರ ಅಂಕುಶ್ ಯಾವ ತಂಡದವನು ಎಂದು ನೋಡಿದ್ದೀರಾ? ಅದೇ ಜೈಪುರ. ಅರ್ಜುನ್‌ನ ಪೋಸ್ಟರ್ ಅಂಟಿಸಿದವರಿಗೆ ಅಂಕುಶ್‌ನ ಮುಖವೂ ಗೊತ್ತಿಲ್ಲ.

ಇರಾನಿನ ಹೆಸರು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. 1990ರಲ್ಲಿ ಬೀಜಿಂಗ್‌ನಲ್ಲಿ ಕಬಡ್ಡಿ ಏಷ್ಯನ್ ಗೇಮ್ಸ್‌ಗೆ ಸೇರಿದಾಗಿನಿಂದ 2014ರವರೆಗೆ ಪುರುಷರ ಏಳಕ್ಕೆ ಏಳೂ ಚಿನ್ನ ಭಾರತದ್ದೇ. 2018ರಲ್ಲಿ ಜಕಾರ್ತಕ್ಕೆ ಹೋದ ತಂಡದಲ್ಲಿ ಅಜಯ್ ಠಾಕೂರ್, ಪ್ರದೀಪ್ ನರ್ವಾಲ್, ರಾಹುಲ್ ಚೌಧರಿ, ರಿಶಾಂಕ್ ದೇವಾಡಿಗ ಎಲ್ಲರೂ ಇದ್ದರು. ದೇಶದ ಟಿ.ವಿ.ಗಳೆಲ್ಲ ಮೆರೆಸಿದ ರೈಡರ್‌ಗಳ ದಂಡು. ಸೆಮಿಫೈನಲ್‌ನಲ್ಲಿ ಇರಾನ್ ಎದುರು 18–27ರ ಸೋಲು. ಮಹಿಳೆಯರ ಫೈನಲ್‌ನಲ್ಲೂ ಅದೇ ಇರಾನ್, 24–27. ಪುರುಷರ ಆ ದಂಡು ತಂದದ್ದು ನಲವತ್ತು ನಿಮಿಷದಲ್ಲಿ ಹದಿನೆಂಟು ಪಾಯಿಂಟು! ಇರಾನಿಗೆ ಗೆಲುವು ತಂದುಕೊಟ್ಟದ್ದು ಕಾಲಿಗೆ ಬಿದ್ದು ಹಿಡಿಯುವ, ಸೊಂಟಕ್ಕೆ ಕೈ ಹಾಕಿ ಕದಲದಂತೆ ನಿಲ್ಲಿಸುವ ಹಿಡಿತ. ಆ ದೇಶದ ಫಜಲ್ ಅತ್ರಾಚಲಿ ನಮ್ಮದೇ ಲೀಗಿಗೆ ಬಂದು 500ಕ್ಕೂ ಹೆಚ್ಚು ಟ್ಯಾಕಲ್ ಪಾಯಿಂಟು ಎಣಿಸಿಕೊಂಡ. ಆಟ ನಮ್ಮದು, ಮಣ್ಣು ನಮ್ಮದು, ಹಿಡಿಯುವ ವಿದ್ಯೆಯನ್ನು ಗೌರವಿಸಿ ಕಲಿತವರು ಅವರು. ನಾವೇನು ಕಲಿತೆವು? ತೊಡೆ ತಟ್ಟುವುದನ್ನು.

ಈ ರೋಗ ಕಬಡ್ಡಿಯದು ಮಾತ್ರವಲ್ಲ. ಆರ್‌ಸಿಬಿ ಅಭಿಮಾನಿಗಳನ್ನು ಕೇಳಿ ನೋಡಿ, 2016ರ ಐಪಿಎಲ್ ಕ್ರಿಕೆಟ್ ಫೈನಲ್ ಸೋತದ್ದು ಯಾರಿಂದ? "ಬೌಲರ್‌ಗಳಿಂದ" ಎನ್ನುವ ಉತ್ತರ ಬಾಯಲ್ಲೇ ಇರುತ್ತದೆ. ಹೈದರಾಬಾದ್ 208 ಹೊಡೆದದ್ದು ನಿಜ, ವಾಟ್ಸನ್ ನಾಲ್ಕು ಓವರಿಗೆ 61 ಕೊಟ್ಟದ್ದೂ ನಿಜ. ಆದರೆ ಬೆನ್ನಟ್ಟುವಾಗ ಮೊದಲ ವಿಕೆಟ್ ಬಿದ್ದದ್ದು 114ಕ್ಕೆ, ಆಗ ಉಳಿದಿದ್ದ ಎಸೆತ 57, ಬೇಕಿದ್ದ ಓಟ 95, ಕೈಯಲ್ಲಿ ಒಂಬತ್ತು ವಿಕೆಟ್. ಅಲ್ಲಿಂದ ಎಂಟು ಓಟಗಳಿಂದ ಸೋತವರು ಬೌಲರ್‌ಗಳೇ? ಕೊನೆಗೆ ಕಪ್ ಬಂದದ್ದು 2025ರ ಜೂನ್ 3ರಂದು, 190 ಓಟ ಇಟ್ಟುಕೊಂಡು ಆರು ಓಟಗಳಿಂದ ಗೆದ್ದಾಗ. ಪಂದ್ಯಶ್ರೇಷ್ಠ, ನಾಲ್ಕು ಓವರಿಗೆ 17 ಕೊಟ್ಟು ಎರಡು ವಿಕೆಟ್ ಕಿತ್ತ ಕೃಣಾಲ್ ಪಾಂಡ್ಯ. ಅಂದು ರಾತ್ರಿ ಪಟಾಕಿ ಹೊಡೆದವರು ಕೂಗಿದ ಹೆಸರು ಯಾರದ್ದು ಎಂದು ನಾನು ಹೇಳಬೇಕಿಲ್ಲ.

ನಮ್ಮ ಹಾವೇರಿ ಸೀಮೆಯವರಿಗಂತೂ ಇದು ರಕ್ತದಲ್ಲೇ ಬಂದಿರಬೇಕು ಎಂದು ಒಮ್ಮೊಮ್ಮೆ ಅನಿಸುತ್ತದೆ. ದೀಪಾವಳಿಯ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಕೊಬ್ಬರಿ ಮಾಲೆ ಕಟ್ಟಿಕೊಂಡು ಓಡಿದ ಹೋರಿಗೆ ಹೆಸರುಂಟು, ಬ್ಯಾನರ್ ಉಂಟು, ಅಭಿಮಾನಿ ಬಳಗ ಉಂಟು. ಮೈಮೇಲೆ ಬಿದ್ದು ಕೊಬ್ಬರಿ ಹರಿದವನ ಹೆಸರು ಮರುದಿನಕ್ಕೆ ಯಾರ ಬಾಯಲ್ಲೂ ಇರುವುದಿಲ್ಲ. ಹೋರಿ ಹಬ್ಬಕ್ಕೆ ಅದು ಸರಿ ಇರಬಹುದು, ಅಲ್ಲಿ ಓಡುವುದೇ ಆಟ. ಕಬಡ್ಡಿಯನ್ನೂ ಅದೇ ಕಣ್ಣಿನಿಂದ ನೋಡಿದರೆ ಆಟಕ್ಕೇ ದ್ರೋಹ.

ಈ ಸುಳ್ಳಿನಿಂದ ಯಾರಿಗೆ ಲಾಭ ಎಂದೆನಲ್ಲ, ಹೇಳುತ್ತೇನೆ. ಜಾತ್ರೆ ಟೂರ್ನಿಗಳಲ್ಲಿ ಹೊರಗಿನ ಆಟಗಾರನನ್ನು ದುಡ್ಡು ಕೊಟ್ಟು ಕರೆಸುವ ಪದ್ಧತಿ ಎಲ್ಲರಿಗೂ ಗೊತ್ತು. ಕರೆಸುವುದು ಯಾರನ್ನು? ಕಾರ್ನರ್ ಆಡುವವನನ್ನು ಯಾರಾದರೂ ಕರೆಸಿದ್ದುಂಟೆ? ಕರೆಸುವುದು ರೈಡರ್‌ನನ್ನು. ಅವನಿಗೆ ಬಸ್ ಚಾರ್ಜು, ಊಟ, ವಸತಿ, ಮೇಲೆ ದುಡ್ಡಿನ ಕವರ್. ತಂಡ ಸೋತಿತು ಅನ್ನಿ. ಈಗ ದುಡ್ಡು ಕೊಟ್ಟವರು ಊರಿಗೆ ಏನು ಹೇಳಬೇಕು? "ನಮ್ಮ ಆಯ್ಕೆ ತಪ್ಪಾಯಿತು, ಊರಿನ ಹುಡುಗರ ಜೊತೆ ಒಂದು ದಿನವೂ ಅಭ್ಯಾಸ ಮಾಡದವನನ್ನು ಏಳರಲ್ಲೊಬ್ಬನನ್ನಾಗಿ ನಿಲ್ಲಿಸಿದೆವು" ಎನ್ನುವಷ್ಟು ಎದೆ ಇದೆಯೆ? ಇಲ್ಲ. ಆದ್ದರಿಂದ ದುಡ್ಡು ಪಡೆದವನು ತನ್ನ ಕೆಲಸ ಮಾಡಿದ, ದುಡ್ಡು ಪಡೆಯದ ಊರ ಹುಡುಗರು ಕೈ ಬಿಟ್ಟರು! ಬಂಡವಾಳ ಹಾಕಿದವನ ಮರ್ಯಾದೆ ಉಳಿಯಿತು, ಬಂದವನ ಮುಂದಿನ ವರ್ಷದ ಕವರ್ ದಪ್ಪವಾಯಿತು. ಹೊಲದ ಕೆಲಸ ಬಿಟ್ಟು ಬಂದು ಮೊಣಕಾಲು ಕಿತ್ತುಕೊಂಡವನ ಪಾಲಿಗೆ ಉಳಿದದ್ದು ಬೈಗುಳ.

ಕಾಲೇಜುಗಳಲ್ಲಿ ದುಡ್ಡಿನ ಮಾತಿಲ್ಲ, ಆದರೆ ಸೋಮಾರಿತನದ ಮಾತಿದೆ. ಆಯ್ಕೆ ಹೇಗೆ ನಡೆಯುತ್ತದೆ? ಟೂರ್ನಿಗೆ ಕೆಲವೇ ದಿನ ಉಳಿದಾಗ ನೋಟಿಸ್ ಹಚ್ಚುತ್ತಾರೆ. ಬಂದ ಹುಡುಗರಿಗೆ ಒಂದೆರಡು ರೈಡ್ ಕೊಟ್ಟು ನೋಡುತ್ತಾರೆ. ಚುರುಕಾಗಿ ಮುಟ್ಟಿ ಬಂದವರು ರೈಡರ್‌ಗಳು. ರೈಡಿಗೆ ಬಾರದವರಲ್ಲಿ ದಪ್ಪಗಿರುವವನು ಕವರ್, ಗಟ್ಟಿಯಾಗಿರುವವನು ಕಾರ್ನರ್. ಹಿಡಿತ ಎಂದರೆ ಉಳಿದವರಿಗೆ ಕೊಡುವ ಜಾಗ! ಹಿಡಿತ ಕಲಿಯುವುದು ಎಷ್ಟು ಕಷ್ಟ ಎಂದು ಆಯ್ಕೆ ಮಾಡುವವರು ಒಮ್ಮೆಯಾದರೂ ಯೋಚಿಸಿದ್ದಾರೆಯೆ? ರೈಡರ್ ಒಬ್ಬನೇ ಹಿತ್ತಲಲ್ಲಿ ಗೆರೆ ಎಳೆದುಕೊಂಡು ಕಾಲು ಚಾಚುವುದನ್ನು, ತಿರುಗುವುದನ್ನು, ಬಾಗಿ ನುಸುಳುವುದನ್ನು ಕಲಿಯಬಹುದು. ಹಿಡಿತವನ್ನು ಒಬ್ಬನೇ ಕಲಿಯುವುದು ಸಾಧ್ಯವೇ ಇಲ್ಲ. ಎಡ ಕಾರ್ನರ್‌ನವನು ಹಿಮ್ಮಡಿಗೆ ಬಿದ್ದ ಕ್ಷಣಕ್ಕೇ ಕವರ್‌ನವನು ಮುಂದೆ ಬಂದು ಎದೆ ಕೊಡಬೇಕು. ಅರೆ ಸೆಕೆಂಡು ತಡವಾದರೆ ಇಬ್ಬರೂ ಔಟ್. ಬಲ ಕಾರ್ನರ್‌ನವನು ಮುಂದೆ ಬರಬೇಕೋ ಹಿಂದೆ ನಿಲ್ಲಬೇಕೋ ಎನ್ನುವುದು ಪಕ್ಕದವನ ಕೈಯ ಹಿಡಿತದ ಬಿಗಿಯಲ್ಲೇ ತಿಳಿಯಬೇಕು. ಇದು ತಿಂಗಳುಗಟ್ಟಲೆ ಒಟ್ಟಿಗೆ ಆಡಿ ಬರುವಂಥದ್ದು. ಬೀಳಲು ಮ್ಯಾಟ್ ಬೇಕು. ಕಲ್ಲು ತೆಗೆಯದ ಮಣ್ಣಿನಲ್ಲಿ ಹಿಮ್ಮಡಿಗೆ ಬಿದ್ದು ಅಭ್ಯಾಸ ಮಾಡು ಎಂದರೆ ಯಾವ ಹುಡುಗ ಮಾಡುತ್ತಾನೆ? ನಾಲ್ಕು ದಿನ ಒಟ್ಟಿಗೆ ನಿಲ್ಲಿಸಿ, ಮ್ಯಾಟನ್ನೇ ಕಾಣದವರನ್ನು ಮ್ಯಾಟ್ ಮೇಲೆ ಆಡಿಸಿ, ಸೋತ ಮೇಲೆ "ಡಿಫೆನ್ಸ್ ವೀಕ್" ಎಂದು ವರದಿ ಬರೆಯುವವರಿಗೆ ನಾಚಿಕೆಯಾಗಬೇಡವೆ? ವೀಕ್ ಆದದ್ದು ಡಿಫೆನ್ಸೋ, ಅದನ್ನು ಕಟ್ಟಬೇಕಾದವರೋ?

ಇನ್ನೊಂದು ಪಂಗಡವಿದೆ, ಇವರಿಗಿಂತ ನಯ, ಇವರಿಗಿಂತ ಅಪಾಯ. ಜಗಳ ಜೋರಾದಾಗ ನಡುವೆ ಬಂದು ಕೈ ಎತ್ತುವವರು: "ಇರಲಿ ಬಿಡ್ರಿ, ಸೋಲಿನ್ಯಾಗ ಎಲ್ಲಾರ ಪಾಲೂ ಐತಿ. ರೈಡರ್‌ದೂ ಐತಿ, ಹಿಡಿಯೋರದೂ ಐತಿ. ಅರ್ಧಾ ಅರ್ಧಾ." ಕೇಳಲು ಎಷ್ಟು ಹಿತ! ಎಲ್ಲರೂ ಸಮಾಧಾನ, ಚಹಾ ಕುಡಿದು ಮನೆಗೆ. ಆದರೆ ಎಲ್ಲರ ಪಾಲೂ ಇದೆ ಎನ್ನುವುದು ಯಾರ ಪಾಲನ್ನೂ ನೋಡದಿರಲು ಹೂಡುವ ಉಪಾಯ. ಯಾವ ನಿಮಿಷದಲ್ಲಿ ಪಂದ್ಯ ತಿರುಗಿತು? ಯಾರು ಯಾರ ಮಾತು ಕೇಳದೆ ಮುಂಚೆಯೇ ಕೈ ಹಾಕಿದ? ಎಷ್ಟು ಖಾಲಿ ರೈಡಾದವು? ಮೂರೇ ಜನ ಇದ್ದಾಗ ಸೂಪರ್ ಟ್ಯಾಕಲ್‌ಗೆ ಎರಡು ಪಾಯಿಂಟು ಸಿಗುವ ಅವಕಾಶವಿತ್ತಲ್ಲ, ಆಗ ಹಿಡಿಯಲು ಹೋಗುವ ಯೋಜನೆ ಯಾರ ತಲೆಯಲ್ಲಾದರೂ ಇತ್ತೆ? ಅರ್ಧ ಅರ್ಧ ಎಂದ ಕೂಡಲೇ ಈ ಪ್ರಶ್ನೆಗಳೆಲ್ಲ ಸತ್ತವು. ಜೊತೆಗೆ ಆ ಮಾತಿನಲ್ಲೂ ಹಳೆಯ ಸುಳ್ಳೇ ಅಡಗಿದೆ: ದಾಳಿ ಒಂದು ಮನೆ, ಹಿಡಿತ ಇನ್ನೊಂದು ಮನೆ, ನಡುವೆ ಗೋಡೆ ಎಂಬ ಸುಳ್ಳು. ಆ ಗೋಡೆಯೇ ಇಲ್ಲ ಎಂದ ಮೇಲೆ ಪಾಲು ಹಂಚುವುದೆಲ್ಲಿ ಬಂತು?

ಇದರ ಫಲ ಏನಾಗುತ್ತಿದೆ ನೋಡಿ. ಎಂಟನೇ ಕ್ಲಾಸಿನ ಹುಡುಗನನ್ನು ಕೇಳಿ, ನೀನೇನಾಗ್ತೀಯ? "ರೈಡರ್ ಆಗ್ತೀನ್ರಿ." ಪಕ್ಕದವನು? "ನಾನೂ ರೈಡರ್ರಿ." ಹಿಡಿಯುವವನು ಯಾರೋ? ಒಬ್ಬನ ಮುಖ ಒಬ್ಬ ನೋಡುತ್ತಾರೆ. ಏಕೆ ಆಗಬೇಕು ಅವರು ಹಿಡಿತಗಾರರು? ಗೆದ್ದರೆ ಹೆಸರಿಲ್ಲ, ಸೋತರೆ ಹೆಸರು ಮಾತ್ರ ಉಂಟು. ಕಾಲು ಮುರಿಯುವುದು ಅವರದು, ಭುಜ ಜಾರುವುದು ಅವರದು. ಹೆಣ್ಣುಮಕ್ಕಳ ತಂಡಗಳಲ್ಲಿ ಇನ್ನೂ ಕಷ್ಟ. ಏಳು ಜನ ಸಿಗುವುದೇ ದುಸ್ತರವಾದ ಕಡೆ, ಮಗಳು ಮೈ ಕೈ ಕೆತ್ತಿಸಿಕೊಂಡು ಬೈಸಿಕೊಳ್ಳಲು ಹೋಗುತ್ತಾಳೆ ಎಂದರೆ ಯಾವ ತಾಯಿ ಕಳಿಸುತ್ತಾಳೆ? ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಅಂಥವರು ಏಷ್ಯನ್ ಗೇಮ್ಸ್ ಚಿನ್ನ ತಂದ ನಾಡು ಇದು. ಅವರ ಹಿಂದೆ ಬರುವವರಿಗೆ ನಾವು ಕೊಡುತ್ತಿರುವ ಪಾಠ ಇದೇನೆ?

ಸಾಕು. ಈ ಸೀಮೆಯಲ್ಲಿ ಟೂರ್ನಿ ನಡೆಸುವವರು ಸ್ಕೋರ್ ಬರೆಯುವ ಹಾಳೆಯನ್ನು ಮೊದಲು ಬದಲಿಸಲಿ. ರೈಡರ್‌ನ ಹೆಸರಿನ ಮುಂದೆ ಮುಟ್ಟಿದ್ದೆಷ್ಟು, ಬೋನಸ್ ಎಷ್ಟು, ಸಿಕ್ಕಿಬಿದ್ದದ್ದೆಷ್ಟು, ಖಾಲಿ ಬಂದದ್ದೆಷ್ಟು ಎಂದು ಬೇರೆ ಬೇರೆ ಕಾಲಂ ಇರಲಿ. ಹಿಡಿದವನ ಹೆಸರಿನ ಮುಂದೆ, ಹಿಡಿದಾಗ ಅಂಕಣದಲ್ಲಿ ಎಷ್ಟು ಜನ ಇದ್ದರು ಎಂದೂ ಬರೆಯಿರಿ. ಅದಕ್ಕೆ ಬೇಕಾದದ್ದು ಒಂದು ಪೆನ್ನು, ಒಬ್ಬ ಎಚ್ಚರದ ಹುಡುಗ. ಆ ಹಾಳೆ ಓದದೆ ಮೈಕಿನಲ್ಲಿ ಯಾರೂ ತೀರ್ಪು ಕೊಡಬಾರದು. ದೈಹಿಕ ಶಿಕ್ಷಣ ಶಿಕ್ಷಕರು, ಕಾಲೇಜಿನ ಕ್ರೀಡಾ ನಿರ್ದೇಶಕರು ಆಯ್ಕೆಯ ದಿನ ಮೊದಲು ಹಿಡಿತಗಾರರನ್ನು ಆರಿಸಲಿ, ರೈಡರ್‌ಗಳನ್ನು ಆಮೇಲೆ. ರೈಡರ್ ಆಗುವ ಪ್ರತಿಯೊಬ್ಬನೂ ವರ್ಷದಲ್ಲಿ ಕೆಲವು ಪಂದ್ಯ ಕಾರ್ನರ್‌ನಲ್ಲಿ ನಿಲ್ಲಲಿ. ಒಲ್ಲೆ ಎಂದವನನ್ನು ತಂಡದಿಂದ ಕೈಬಿಡಿ, ಎಷ್ಟೇ ಪಾಯಿಂಟ್ ತರುವವನಾದರೂ. ಶಾಸಕರ, ಪಂಚಾಯಿತಿಯವರ ಬಳಿ ಕಪ್ಪಿಗೆ ದುಡ್ಡು ಕೇಳುವ ಬದಲು ಮ್ಯಾಟಿಗೆ ದುಡ್ಡು ಕೇಳಿ. ಕಪ್ ಮುಂದಿನ ವರ್ಷಕ್ಕೆ ತುಕ್ಕು ಹಿಡಿಯುತ್ತದೆ, ಮ್ಯಾಟು ಹತ್ತಾರು ಹುಡುಗರ ಮೊಣಕಾಲು ಉಳಿಸುತ್ತದೆ.

ಹಿಡಿಯುವ ಹುಡುಗರಿಗೂ ಒಂದು ಮಾತು. ಮುಂದಿನ ಸಲ ಯಾರಾದರೂ ಬಂದು "ನೀವ ಮುಳುಗಿಸಿದ್ರಿ" ಎಂದರೆ ತಲೆ ತಗ್ಗಿಸಬೇಡಿ. "ಅಂಕಣದಾಗ ಎಷ್ಟ ಮಂದಿ ಇದ್ವಿ ಆಗ, ಹೇಳ್ರಿ ನೋಡೋಣು" ಎಂದು ಕೇಳಿ. ಉತ್ತರ ಬರುವುದಿಲ್ಲ.

ಕೊನೆಯದಾಗಿ ಜಾತ್ರಾ ಕಮಿಟಿಗಳಿಗೆ. ನಿಮ್ಮ ಪಾಂಪ್ಲೆಟ್ಟುಗಳಲ್ಲಿ ಪ್ರಥಮ, ದ್ವಿತೀಯ ಬಹುಮಾನದ ಕೆಳಗೆ 'ಬೆಸ್ಟ್ ರೈಡರ್' ಎಂದು ದೊಡ್ಡ ಅಕ್ಷರದಲ್ಲಿ, ಅದರ ಮುಂದೆ ದೊಡ್ಡ ಮೊತ್ತ ಇರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಬೆಸ್ಟ್ ಕ್ಯಾಚರ್' ಎಂದು, ಮುಂದೆ ಒಂದು ಟ್ರೋಫಿ ಅಥವಾ ಅದೂ ಇಲ್ಲ. ಈ ವರ್ಷದ ಪಾಂಪ್ಲೆಟ್ ಪ್ರೆಸ್ಸಿಗೆ ಹೋಗುವ ಮೊದಲು ಆ ಎರಡು ಸಾಲು ತಿದ್ದಿ. ಅಕ್ಷರ ಒಂದೇ ಗಾತ್ರ, ಮೊತ್ತ ಒಂದೇ. ದಾನಿಗಳು ಒಪ್ಪದಿದ್ದರೆ ಅವರ ಹೆಸರನ್ನು ಪಾಂಪ್ಲೆಟ್ಟಿನಿಂದ ತೆಗೆಯಿರಿ.